ನಕ್ಷೆಯಲ್ಲಿಲ್ಲದ ಕೋಣೆ

ಇನ್ನೂ ಹತ್ತಿರ ಬನ್ನಿ. ಇದನ್ನು ನಾನು ಜೋರಾಗಿ ಹೇಳುವವನಲ್ಲ. ಯಾರೋ ಯಾರಿಗೋ ಹೇಳಿದ್ದೂ ಅಲ್ಲ, ನನ್ನ ದೊಡ್ಡಮ್ಮನ ಮಗನಿಗೇ ಆದದ್ದು. ಬಡಗಿ ಅವನು. ಮನೆಯವರೆಲ್ಲ ಉಳಿಯಣ್ಣ ಅಂತಲೇ ಕರೆಯೋದು. ನನ್ನ ಮದುವೆಗೂ ಸೊಂಟಕ್ಕೆ ಉಳಿ ಸಿಕ್ಕಿಸಿಕೊಂಡೇ ಬಂದ ಆಸಾಮಿ.

ಆ ರಾತ್ರಿ ದುರಸ್ತಿಗೆ ಹಿಡಿದಿದ್ದ ಹಳೇ ಮನೆಗೆ ಬೀಗ ಹಾಕಿ ಹೊರಟಾಗ ಹತ್ತೂವರೆ. ಪಕ್ಕದ ಬಾವಿ ದಾಟಿದ್ದ, ಅಷ್ಟೆ. ಹಿಂದಿನಿಂದ ಸದ್ದು. ಸರ್ರ್... ಸರ್ರ್... ನಿಂತಿತು. ಒಣ ಅಂಗೈಯನ್ನು ಮರದ ಮೇಲೆ ಎಳೆದರೆ ಬರುತ್ತದಲ್ಲ, ಅದು. ಇಪ್ಪತ್ತೆಂಟು ವರ್ಷ ಮರ ಸವರಿದವನಿಗೆ ಗೊತ್ತಾಗದೆ ಇರುತ್ತದೆಯೇ? ಮನೆಯೊಳಗೆ ಯಾರೂ ಇರಲಿಲ್ಲ. ಕೀಲಿ ಅವನ ಜೇಬಿನಲ್ಲಿತ್ತು.

ತಡೆಯಿರಿ, ಮನೆಯ ವಿಷಯ ಹೇಳದೆ ಸದ್ದಿನ ವಿಷಯ ಅರ್ಥವಾಗೋದಿಲ್ಲ. ಆ ಮನೆಯ ವಿಷಯ ಹೇಳೋದು ನನಗೆ ಖುಷಿ ಅಂತಲೂ ಇಟ್ಟುಕೊಳ್ಳಿ. ಎಂಥ ಮನೆ ಅಂತೀರಿ! ಇನ್ನೂರು ವರ್ಷದ್ದು. ಎರಡು ಮೊಳ ದಪ್ಪದ ಮಣ್ಣಿನ ಗೋಡೆ. ಕಡುಬೇಸಿಗೆಯಲ್ಲೂ ಕೆನ್ನೆ ಕೊಟ್ಟರೆ ತಣ್ಣಗೆ. ಹದಿನಾರು ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಅಟ್ಟ. ಹುಡುಕಿದರೂ ಒಂದು ಮೊಳೆ ಇಲ್ಲ. ಕಂಬಕ್ಕೆ ತೊಲೆ ಕೂರುವ ಸಂದಿಗೆ ಮರದ ಬೆಣೆ ಹೊಡೆದು ಬಿಗಿ ಮಾಡಿದ್ದಾರೆ. ಸಡಿಲವಾಯಿತೋ, ಇನ್ನೊಂದು ಬೆಣೆ. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿದೆ; ಭಾರ ಹೇಗೆ ನೆಲಕ್ಕಿಳಿಯುತ್ತದೆ ಅಂತ ನನಗೆ ಸರಿಯಾಗಿ ತಿಳಿದದ್ದು ಆ ಪಡಸಾಲೆಯಲ್ಲಿ ಕತ್ತೆತ್ತಿ ನಿಂತಾಗ.

ಸರ್ಕಾರ ಅದನ್ನು ರಕ್ಷಿತ ಮನೆ ಅಂತ ಮಾಡಿತು, ದುರಸ್ತಿ ಉಳಿಯಣ್ಣನ ಪಾಲಿಗೆ ಬಂತು. ಷರತ್ತು ಒಂದೇ. ಕಚೇರಿಯ ಹಳೇ ನಕ್ಷೆಯಲ್ಲಿ ಇದ್ದದ್ದು ಉಳಿಯಬೇಕು, ಇಲ್ಲದ್ದು ಹೋಗಬೇಕು. ಇಲ್ಲದ್ದು ಎರಡು: ಹಿಂಬಾಗಿಲಿಗೆ ಒರಗಿಸಿ ಕಟ್ಟಿದ ಸಣ್ಣ ಕೋಣೆ, ಅಡುಗೆಮನೆಯಿಂದ ಆ ಕೋಣೆಯ ತನಕ ಗೋಡೆಗುಂಟ, ಸೊಂಟದೆತ್ತರಕ್ಕೆ, ಕೈಯಾಸರೆಗೆ ಕೂರಿಸಿದ ಮರದ ಪಟ್ಟಿ.

ಮನೆ ಗುಡಿಸುವ ಅಜ್ಜಿ ಅಡ್ಡ ನಿಂತಳು. "ಪಟ್ಟಿ ಕೀಳಬೇಡ ಮಗಾ."

"ಯಾಕಜ್ಜಿ, ಬಟ್ಟೆ ಒಣಗಿಸೋಕೆ ಬೇಕಾ?"

"ನಗಬೇಡ. ಈ ಮನೆಯಮ್ಮನಿಗೆ ಕಣ್ಣು ಹೋದಾಗ ಗಂಡ ತನ್ನ ಕೈಯಾರೆ ಕೂರಿಸಿದ್ದು ಅದು. ಆಮೇಲೆ ಆ ಯಜಮಾನರು ಬಿದ್ದರು, ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಹನ್ನೊಂದು ವರ್ಷ ಆ ಕೋಣೆಯಲ್ಲೇ. ರಾತ್ರಿ ಬಾಯಾರಿಕೆ ಅಂದ್ರೆ ಆಯಮ್ಮ ಪಟ್ಟಿ ಹಿಡ್ಕೊಂಡೇ ನೀರು ತಗೊಂಡು ಹೋಗ್ತಿದ್ರಂತೆ. ನಮ್ಮಜ್ಜಿ ನೋಡಿದ್ದಳು."

"ನಕ್ಷೆಯಲ್ಲಿಲ್ಲ ಅಜ್ಜಿ. ನಾನೇನು ಮಾಡ್ಲಿ?"

"ನಕ್ಷೆ ಬರೆದವನಿಗೆ ಕಣ್ಣಿತ್ತಲ್ಲ, ಅದಕ್ಕೇ ಇಲ್ಲ."

ಕಿತ್ತ. ಕೋಣೆಯನ್ನೂ ಕೆಡವಿ ನೆಲ ಮಟ್ಟ ಮಾಡಿದ. ಅಷ್ಟಕ್ಕೇ ನಿಂತಿದ್ದರೆ... ಮುಂದೆ ಮಾಡಿದ್ದು ಬಡಗಿಯಾದವನು ಮಾತ್ರ ಮಾಡುವ ತಪ್ಪು. ಪಟ್ಟಿಯದು ಒಳ್ಳೇ ಮರ, ಅಂಗೈ ತಾಗಿ ತಾಗಿ ನುಣುಪಾಗಿತ್ತು. ಒಲೆಗೆ ಹಾಕಲು ಅವನಿಗೆ ಮನಸ್ಸು ಬರಲಿಲ್ಲ. ಕೊಯ್ದು ನಲವತ್ತು ಬೆಣೆ ಮಾಡಿದ. ಕಂಬದ ತಲೆಗೆ, ಅಟ್ಟಕ್ಕೆ, ಸೂರಿನ ಅಂಚಿಗೆ, ಎಲ್ಲೆಲ್ಲಿ ಸಡಿಲವೋ ಅಲ್ಲೆಲ್ಲ ಹೊಡೆದ. "ಹಳೇ ಮನೆಗೆ ಅದರದೇ ಮರ ಕಣೋ" ಅಂತ ನನ್ನ ಮುಂದೆ ಕೊಚ್ಚಿಕೊಂಡ. ನಾನೂ ಭೇಷ್ ಅಂದೆ. ಹೌದು, ಅಂದೆ.

ಕೊನೆಯ ಬೆಣೆ ಹೊಡೆದದ್ದು ಆ ರಾತ್ರಿಯೇ.

ಬಾವಿಯ ಹತ್ತಿರದಿಂದ ಹಿಂದಿರುಗಿ ಬೀಗ ತೆಗೆದ. ಟಾರ್ಚ್ ಹಾಕಿದ. ಯಾರೂ ಇಲ್ಲ. ಸರ್ರ್... ಗೋಡೆಯಿಂದಲ್ಲ. ಕಂಬದ ತಲೆಯಿಂದ, ಹತ್ತಡಿ ಮೇಲಿಂದ. ಒಂದು ಬೆಣೆಯಷ್ಟುದ್ದ ಸವರುತ್ತದೆ... ನಿಲ್ಲುತ್ತದೆ. ಆಮೇಲೆ ಅಟ್ಟದಲ್ಲಿ. ಆಮೇಲೆ ಸೂರಿನ ಅಂಚಿನಲ್ಲಿ. ತಾನು ಬೆಣೆ ಹೊಡೆದ ಜಾಗಗಳು, ಒಂದೊಂದೂ ಅವನಿಗೆ ಗೊತ್ತು. ಪಟ್ಟಿಯ ತುಂಡು ಹುಡುಕುತ್ತ ಯಾರೋ ಮನೆಯೆಲ್ಲ ಅಲೆಯುತ್ತಿದ್ದಾರೆ.

ಅಷ್ಟರಲ್ಲಿ ಹಿತ್ತಲ ಕಡೆಯಿಂದ, ಗಂಡಸಿನ ಒಣಗಿದ ದನಿ.

"ಬಂದೆಯಾ?"

ಮೇಲಿಂದ, ಪಿಸುಮಾತಿನಲ್ಲಿ, ಹೆಂಗಸು: "ಬಂದೆ ಇರಿ... ದಾರಿ ಸಿಗ್ತಿಲ್ಲ."

ಸರ್ರ್... ಸರ್ರ್...

"ಬಾಯಿ ಒಣಗ್ತಿದೆ ಕಣೇ."

"ಬಂದೆ... ಬಂದೆ."

ಓಡಬೇಕಿತ್ತು. "ಅಳು ಬಂತು ಕಣೋ" ಅಂದ ನನ್ನ ಹತ್ತಿರ. ಬೆಣೆ ಕಿತ್ತು ಕೊಡೋಣವೆಂದರೆ ತೊಲೆಗಳು ಕೂತುಬಿಟ್ಟಿವೆ. ಕಿತ್ತರೆ ಮನೆಯೇ ಮೈಮೇಲೆ. ಟಾರ್ಚ್ ಆರಿಸಿದ. ಅಡುಗೆಮನೆಯ ಬಾಗಿಲಲ್ಲಿ ನಿಂತು ಕತ್ತಲಿಗೆ ಕೈ ಚಾಚಿದ.

"ಇದನ್ನ ಹಿಡ್ಕೊಳ್ಳಿ ಅಮ್ಮಾ."

ಸದ್ದು ನಿಂತಿತು. ಎಷ್ಟು ಹೊತ್ತೋ... ಆಮೇಲೆ ಮಣಿಕಟ್ಟಿನ ಮೇಲೆ ನಾಲ್ಕು ಬೆರಳು. ತೀರಾ ಹಗುರ.

"ಯಾರಪ್ಪಾ?"

"ಬಡಗಿ ಅಮ್ಮಾ."

"ಮೆಲ್ಲಗೆ ನಡಿ. ನೀರು ತುಳುಕುತ್ತೆ."

ಮೆಲ್ಲಗೆ ನಡೆದ. ಪಡಸಾಲೆ, ಹಿಂಬಾಗಿಲು, ಬಯಲು. "ಹೊಸಿಲಿದೆ, ನೋಡ್ಕೋ" ಅಂದಳು. ಎಲ್ಲಿಯ ಹೊಸಿಲು? ಕಿತ್ತು ಎಸೆದವನು ಅವನೇ. ಆದರೂ ಕಾಲೆತ್ತಿ ದಾಟಿದ. ಬೆರಳುಗಳು ಕೈಬಿಟ್ಟವು. ಗುಟುಕ್... ಗುಟುಕ್... ನೀರು ಗಂಟಲಿಗಿಳಿಯುವ ಸದ್ದು.

"ತುಂಬಾ ಥಂಡಿ ಇವತ್ತು."

"ಬಾಗಿಲು ಯಾರೋ ತೆಗೆದಿಟ್ಟಿದ್ದಾರೆ. ಹಾಕ್ತೀನಿ ಇರಿ."

ಆಮೇಲೆ ಬಹಳ ಹೊತ್ತು, ಬಯಲಿನಲ್ಲಿ, ಬಾಗಿಲಿಗಾಗಿ ತಡಕಾಡುವ ಬಳೆಯ ಸದ್ದು.

ಬೆಳಗಾಗುವ ಮೊದಲೇ ನನ್ನನ್ನು ಎಬ್ಬಿಸಿ ಕರೆದೊಯ್ದ. ಹಿತ್ತಲೆಲ್ಲ ಇಬ್ಬನಿಗೆ ಒದ್ದೆ. ಕೋಣೆಯಿದ್ದಲ್ಲಿ ಮಾತ್ರ ಮಂಚದಷ್ಟು ನೆಲ ಒಣಗಿತ್ತು. ಪಕ್ಕದಲ್ಲಿ ಒಬ್ಬರು ಕಾಲು ಮಡಚಿ ಕೂರುವಷ್ಟು... ಅದೂ ಒಣ.

ಕೋಣೆ ಮತ್ತೆ ಕಟ್ಟಿಸಿ ಅಂತ ಕಚೇರಿಗೆ ಬರೆದ. ಉತ್ತರ ಒಂದೇ ಸಾಲು: ನಕ್ಷೆಯಲ್ಲಿಲ್ಲ. ಹೊಸ ಪಟ್ಟಿ ಮಾಡಿ ರಾತ್ರಿ ಗೋಡೆಗೆ ಒರಗಿಸಿಟ್ಟು ನೋಡಿದ. ಆ ಮರದ ಗುರುತು ಆಕೆಗೆ ಹತ್ತಲಿಲ್ಲ. ಕೊನೆಗೆ ಅಲ್ಲೇ ಕಾವಲಿನ ಕೆಲಸ ಹಿಡಿದ. ಅತ್ತಿಗೆ "ಯಾವಳಿಗೋ ಕೈ ಕೊಡೋಕೆ ಹೋಗ್ತಾರೆ" ಅಂತ ಮೊದಮೊದಲು ಹಂಗಿಸಿದಳು. ಒಂದು ರಾತ್ರಿ ಜೊತೆಗೆ ಹೋಗಿ ಬಂದವಳು ಆಮೇಲೆ ತಾನೇ ಹೊತ್ತಿಗೆ ಸರಿಯಾಗಿ ಕಳಿಸುತ್ತಿದ್ದಳು. ಹದಿನಾಲ್ಕು ವರ್ಷ, ಜ್ವರವಿರಲಿ ಮಳೆಯಿರಲಿ, ಹತ್ತೂವರೆಗೆ ಆ ಬಾಗಿಲಲ್ಲಿ ಕೈ ಚಾಚಿ ನಿಂತ.

ಉಳಿಯಣ್ಣ ತೀರಿಕೊಂಡು ಈಗ ಎರಡು ವರ್ಷ. ನಾನೂ ಹೋಗಿ ಕೈ ಚಾಚಿ ನಿಂತೆ. ಸೀಮೆಸುಣ್ಣ ಹಿಡಿದ ಕೈ... ಯಾರೂ ಹಿಡಿಯಲಿಲ್ಲ. ಬೆಳಗಿನ ಜಾವ ಹಿತ್ತಲಿಗೆ ಹೋಗಿ ಬಗ್ಗಿ ನೋಡಿದೆ. ನಂಬಿ, ಬಿಡಿ, ನಾನು ಕೈಯಿಟ್ಟು ನೋಡಿದ್ದೇನೆ. ಮಂಚದಷ್ಟು ನೆಲ ಈಗಲೂ ಒಣಗಿದೆ.

ಪಕ್ಕದ್ದು ಒದ್ದೆ.