ತುಟಿ ಒಣಗೋವರೆಗೂ

...ಮಾತಾಡಬೇಡ ಅಂದ್ನಲ್ಲ. ತುಟಿ ಇನ್ನೂ ಹಸಿ ಇದೆ. ಆ ಮೆಡಿಕಲ್ ಶಾಪ್ ಹುಡುಗಿ ಬೆರಳು ಆಡಿಸಿ ಹೇಳಿ ಕಳಿಸಿದ್ದಾಳೆ, ಅಂಕಲ್, ಇದು ಒಣಗೋವರೆಗೂ ಆಂಟಿ ತುಟಿ ಅಲ್ಲಾಡಿಸಬಾರದು, ಅಲ್ಲಾಡಿಸಿದ್ರೆ ಬಿರುಕು ಬಿಡುತ್ತೆ ಅಂತ. ಎಷ್ಟು ಹೊತ್ತು ಅಂತ ಕೇಳೋದು ಮರೆತೆ. ನಮ್ಮ ಎನಾಮಲ್ ಪೇಂಟ್ ಆದ್ರೆ ಒಂದು ರಾತ್ರಿ ಬೇಕು.

ಏನು ಹಾಗೆ ನೋಡ್ತೀಯ? ತಮಾಷೆಗೆ ಅಂದೆ ಕಣೇ.

ಗೊತ್ತು, ಗೊತ್ತು. ಮೊದಲು ಕಣ್ಣು, ಆಮೇಲೆ ತುಟಿ. ಇಷ್ಟು ವರ್ಷದಿಂದ ಗೋಡೆ ಬಳೀತಿದ್ದೀನಿ, ಮೇಲಿಂದ ಕೆಳಗೆ ಬರಬೇಕು ಅನ್ನೋದು ನನಗೆ ಗೊತ್ತಿಲ್ವಾ? ಆದ್ರೆ ಯೋಚನೆ ಮಾಡಿದೆ. ಮೊದಲು ಬಾಯಿ ಕೆಲಸ ಮುಗಿಸಿಬಿಟ್ರೆ ಉಳಿದಿದ್ದನ್ನ ನೆಮ್ಮದಿಯಾಗಿ ಮಾಡಬಹುದು ಅಂತ... ಕೈ ಎತ್ತಬೇಡ. ಆ ಬಲಗೈಯಲ್ಲಿ ಹೊಡೆದ್ರೆ ನನಗಿಂತ ಜಾಸ್ತಿ ನೋವು ನಿನಗೇ. ಡಾಕ್ಟರು ಪ್ಲಾಸ್ಟರ್ ಹಾಕಿರೋದು ಮೂಳೆ ಕೂಡಲಿ ಅಂತ, ಆಯುಧ ಅಂತ ಅಲ್ಲ.

ಅದೂ ನನ್ನ ತಪ್ಪಾ? ಏಣಿ ನನ್ನದು, ಸರಿ. ಹತ್ತು ಅಂತ ನಾನು ಹೇಳಿದ್ನಾ? ಮೂಲೇಲಿ ಅಂಗೈಯಗಲ ಬಣ್ಣ ಬಿಟ್ಟುಹೋಗಿದೆ ಅಂತ ತೋರಿಸೋಕೆ ಯಾರಾದ್ರೂ ಏಣಿ ಹತ್ತುತ್ತಾರಾ? ಕೆಳಗೆ ನಿಂತು ಬೈದಿದ್ರೆ ಸಾಕಾಗಿತ್ತು. ದಿನಾ ಹಾಗೇ ತಾನೇ ಮಾಡ್ತಿದ್ದೆ.

ಸರಿ, ಸ್ವಲ್ಪ ಈ ಕಡೆ ತಿರುಗು, ಬೆಳಕಿಗೆ. ಹಾಂ.

ಹೆದರಬೇಡ ಕಣೇ. ಈ ಸಲದ ಫೋಟೋ ನನ್ನ ಜವಾಬ್ದಾರಿ. ಹೋದ ವರ್ಷ ನಿಮ್ಮ ಹೊಲಿಗೆ ಕಾರ್ಖಾನೆಯವರು ಒಳ್ಳೆ ಸೂಪರ್‌ವೈಸರ್ ಅಂತ ಶೀಲ್ಡ್ ಕೊಟ್ಟು, ಸರಿಯಾಗಿ ನೀನು ಕಣ್ಣು ಮುಚ್ಚಿದಾಗ ಫೋಟೋ ತೆಗೆದು, ಅದನ್ನ ವರ್ಷಪೂರ್ತಿ ಕ್ಯಾಂಟೀನ್ ಗೋಡೆಗೆ ನೇತುಹಾಕಿದ್ರಲ್ಲ... ನಿದ್ದೆ ಮೇಡಂ. ಹೊಸದಾಗಿ ಸೇರಿದ ಹುಡುಗೀರು ಬೆಳಿಗ್ಗೆ ನೀನು ಒಳಗೆ ಬಂದ್ರೆ ಗುಡ್ ನೈಟ್ ಅಂತಿದ್ರಂತೆ. ನೀನು ಡಬ್ಬಿ ಹಿಡ್ಕೊಂಡು ಆ ಗೋಡೆಗೆ ಬೆನ್ನು ಹಾಕಿ ಕೂತ್ಕೋತಿದ್ದೆ ಅನ್ನೋದೂ ನನಗೆ ಗೊತ್ತು. ನೀನು ಹೇಳಲಿಲ್ಲ. ಅಲ್ಲಿಗೆ ಬಣ್ಣ ಬಳಿಯೋಕೆ ಹೋಗಿದ್ದಾಗ ಕ್ಯಾಂಟೀನಿನವನು ಹೇಳಿದ.

ಇವತ್ತು ಸಾಯಂಕಾಲ ಮತ್ತೆ ಶೀಲ್ಡು, ಮತ್ತೆ ಫೋಟೋ, ಮತ್ತೆ ಒಂದು ವರ್ಷ ಅದೇ ಗೋಡೆ. ಈ ಸಲ ಕಣ್ಣು ಕಾಣಬೇಕು. ಕ್ಯಾಂಟೀನಿನ ಆ ತುದೀಲಿ ಕೈ ತೊಳೆಯೋನಿಗೂ ಕಾಣಬೇಕು.

ಅಗ್ಗದ ಸಾಮಾನು ಅಂತ ಮೂಗು ಮುರೀಬೇಡ. ಅಗ್ಗದ ಬಣ್ಣಾನೂ ಎರಡು ಕೋಟ್ ಕೊಟ್ರೆ ಮನೆಯವರಿಗೆ ಗೊತ್ತಾಗಲ್ಲ. ಅದು ಬೇರೆ ಯಾರಿಗೂ ಹೇಳಬೇಡ. ಆ ಹುಡುಗಿ ಕೇಳಿದ್ಲು, ಆಂಟಿ ಸ್ಕಿನ್ ಟೋನ್ ಯಾವುದು ಅಂಕಲ್ ಅಂತ. ನಾನು, ನಮ್ಮನೆ ಹಾಲ್ ಗೋಡೆಗಿಂತ ಸ್ವಲ್ಪ ಗಾಢ, ಅಡುಗೆಮನೆ ಬಾಗಿಲಿಗಿಂತ ಸ್ವಲ್ಪ ತಿಳಿ ಅಂದೆ... ಯಾಕೆ, ನಿಜ ತಾನೇ? ಪಾಪ, ಅವಳು ಇದ್ದಬದ್ದ ಲಿಪ್‌ಸ್ಟಿಕ್ಕೆಲ್ಲ ನನ್ನ ಕೈಮೇಲೆ ಗೀಚಿ ಗೀಚಿ ತೋರಿಸಿದ್ಲು. ನೋಡು, ಇನ್ನೂ ಪಟ್ಟೆಪಟ್ಟೆ. ಸೋಪು ಹಾಕಿ ಉಜ್ಜಿದೆ, ಹೋಗಲೊಲ್ಲದು. ಹಿಂದೆ ಕೆಮ್ಮಿನ ಔಷಧಿಗೆ ಅಂತ ನಿಂತಿದ್ದ ಯಜಮಾನರು ನನ್ನ ಕೈ ನೋಡಿ, ಇದು ಅಂಟುತ್ತಾ ಅಂತ ಕೇಳಿ ಎರಡು ಹೆಜ್ಜೆ ಹಿಂದಕ್ಕೆ ಹೋದ್ರು.

ನಗಬೇಡ. ಯಾಕೆ ನಗ್ತೀಯ? ಬಿರುಕು ಬಿಡುತ್ತೆ. ನೋಡಿದ್ಯಾ, ಈ ಮೂಲೇಲಿ ಆಗಲೇ ಒಂದು ಸಣ್ಣ ಸೀಳು. ತಡಿ, ಟಚಪ್ ಮಾಡ್ತೀನಿ... ಹಾಂ, ಮುಚ್ಚಿಹೋಯ್ತು. ಗೋಡೆ ಬಿರುಕಿಗೆ ತುಂಬೋ ಪುಟ್ಟಿ ಬೇಕಾಗಲಿಲ್ಲ.

ಈಗ ಕಣ್ಣು. ಎಡಗಡೆಯಿಂದ ಶುರು ಮಾಡೋಣ. ಮುಚ್ಚು. ಮುಚ್ಚೋದಂತೂ ನಿನಗೆ ಚೆನ್ನಾಗಿ... ಆಯ್ತು, ಆಯ್ತು. ಅದು ಅನ್ನಬಾರದಿತ್ತು.

ಇದು ಐಶ್ಯಾಡೋ. ರೆಪ್ಪೆ ಮೇಲೆ ಹಚ್ಚೋ ಪುಡಿ. ಇದರ ತೊಂದರೆ ಏನು ಅಂದ್ರೆ ಮೇಲಕ್ಕೆ ಹರಡಿ ಹುಬ್ಬಿಗೆಲ್ಲ ಮೆತ್ಕೊಳ್ಳುತ್ತೆ. ಬೇರೆಯವರು ಆಮೇಲೆ ಒರೆಸ್ತಾ ಕೂತ್ಕೋತಾರೆ. ನಾನು ಹಾಗಲ್ಲ. ಕಿಟಕಿ ಪಕ್ಕದ ಗೋಡೆ ಬಳಿಯುವಾಗ ಏನು ಮಾಡ್ತೀವಿ? ಚೌಕಟ್ಟಿಗೆ ಟೇಪ್ ಹಾಕ್ತೀವಿ. ಬಣ್ಣ ಬಳಿದು ಟೇಪ್ ಕಿತ್ರೆ, ಚೌಕಟ್ಟು ಹಾಗೇ ಫಳಫಳ ಅಂತಿರುತ್ತೆ. ಇಲ್ಲೂ ಹುಬ್ಬೇ ಚೌಕಟ್ಟು.

ಪೇಂಟಿನ ಟೇಪ್ ಅಲ್ಲ ಕಣೇ, ನನಗೇನು ಬುದ್ಧಿ ಇಲ್ವಾ? ಗಾಯಕ್ಕೆ ಬ್ಯಾಂಡೇಜ್ ಅಂಟಿಸ್ತಾರಲ್ಲ, ಆ ಟೇಪು. ಅದೇ ಅಂಗಡೀಲಿ ತಂದಿದ್ದು. ಮನುಷ್ಯರ ಚರ್ಮಕ್ಕೆ ಅಂತಲೇ ಮಾಡಿರೋದು. ಹೀಗೆ... ಒತ್ತಿ ಅಂಟಿಸಬೇಕು, ಇಲ್ಲಾಂದ್ರೆ ಅಂಚಲ್ಲಿ ಬಣ್ಣ ಒಳಗೆ ನುಗ್ಗುತ್ತೆ. ಚೆನ್ನಾಗಿ ಒತ್ತಿದೆ.

ಆಹಾ, ಎಂಥ ಬಣ್ಣ. ತಾಮ್ರದ ಚೊಂಬು ತಿಕ್ಕಿಟ್ಟ ಹಾಗಿದೆ. ಎರಡನೇ ಕೋಟು. ಅಲ್ಲಾಡಬೇಡ. ಆಯ್ತು. ಈಗ ಟೇಪು. ಒಂದು ತುದಿ ಹಿಡ್ಕೊಂಡು, ಒಂದೇ ಸಲಕ್ಕೆ, ಹೀಗೆ ಚರ್ ಅಂತ...

...

ಏನಿಲ್ಲ.

ಏನೂ ಇಲ್ಲ ಅಂದೆ. ಕಣ್ಣು ತೆಗೀಬೇಡ. ಚಿವುಟಿದ ಹಾಗಾಯ್ತು ಅಷ್ಟೇ ತಾನೇ? ಆಗುತ್ತೆ. ಹುಡುಗಿ ಹೇಳಿದ್ಲು. ಹೇಳಿದ್ಲು ಅಂದ್ಕೋತೀನಿ.

ಬಲಗಡೆಗೆ ಟೇಪ್ ಬೇಡ. ಅಲ್ಲಾ, ಬಲಗಣ್ಣು ಸುಲಭ. ಬಲಗಣ್ಣಿಗೆ ಯಾರೂ ಹಾಕಲ್ಲ. ನೋಡು, ಮುಗಿದೇಹೋಯ್ತು.

ಕನ್ನಡಿ ಯಾಕೆ? ಕೈ ಆಡಿಸಿ ಕೇಳೋದೇನೂ ಬೇಡ, ಅರ್ಥ ಆಯ್ತು. ಅರ್ಧ ಕೆಲಸದಲ್ಲಿ ಯಾರಾದ್ರೂ ಮನೆ ತೋರಿಸ್ತಾರಾ? ಕನ್ನಡೀನ ಒರೆಸೋಕೆ ಅಂತ ಆಗಲೇ ಬಚ್ಚಲಿಗೆ ಒಯ್ದಿದ್ದೀನಿ. ಹೂಂ, ಗೋಡೆಯಿಂದ ಬಿಚ್ಚಿ. ಮೊಳೆಯೂ ಸಡಿಲ ಆಗಿತ್ತು.

ಈಗ ಈ ಪೆನ್ಸಿಲ್ಲು. ಇದು ಕಣ್ಣಿಗೇ ಅಂತ ಏನಿಲ್ಲ, ಎಲ್ಲಿಗೆ ಬೇಕಾದ್ರೂ ಬಳಸಬಹುದಂತೆ. ಸ್ವಲ್ಪ ಹಣೆ ಎತ್ತು. ಇಲ್ಲಿಂದ ಶುರು ಮಾಡಿ... ಒಂದು ಗೀಟು... ಬೇಡ, ಇದು ಮೀಸೆ ಥರ ಆಯ್ತು. ಅಲ್ಲ, ಮೀಸೆ ಅಂತ ಯಾಕಂದೆ? ಏನೋ ಬಾಯಿಗೆ ಬಂತು. ಒರೆಸ್ತೀನಿ. ಇನ್ನೊಂದ್ಸಲ. ಸ್ವಲ್ಪ ಮೇಲೆ ಹೋಯ್ತು. ಪರವಾಗಿಲ್ಲ, ಆಶ್ಚರ್ಯಪಟ್ಟ ಹಾಗೆ ಕಾಣುತ್ತೆ. ಬಹುಮಾನ ಬಂದಾಗ ಆಶ್ಚರ್ಯ ಆಗಬೇಕು ತಾನೇ. ಒಂದೇ ಕಡೆ ಆಶ್ಚರ್ಯ ಆದ್ರೂ ನಡೆಯುತ್ತೆ.

ಅಥವಾ ಹೀಗೆ ಮಾಡಿದ್ರೆ? ಕೂದಲು ಎಡಗಡೆ ಇಳಿಬಿಟ್ಟು... ಇಲ್ಲ, ಒಂದು ಕಣ್ಣೇ ಮುಚ್ಚಿಹೋಗುತ್ತೆ. ಅರ್ಧ ನಿದ್ದೆ ಮೇಡಂ ಅಂತಾರೆ.

ಶೀಲ್ಡನ್ನ ಸ್ವಲ್ಪ ಎತ್ತಿ ಹಿಡ್ಕೊಂಡ್ರೆ? ಹಣೆ ಹತ್ರ? ಬೇಡ. ಕೈಗೆ ಬೇರೆ ಪ್ಲಾಸ್ಟರ್.

ಆಗ್ಲೇ ಕಾರ್ಖಾನೆ ವ್ಯಾನ್ ಬರೋ ಹೊತ್ತಾಯ್ತು. ರೆಪ್ಪೆಗೂದಲಿಗೆ ಹಚ್ಚೋ ಮಸ್ಕಾರ ಬೇರೆ ಬಾಕಿ ಇದೆ. ಚೆನ್ನಾಗಿ ಕಾಣ್ತಿದ್ದೀಯ ಕಣೇ, ನಿಜವಾಗ್ಲೂ. ತುಟಿ ಅಂತೂ... ಬೆರಳಲ್ಲಿ ಮುಟ್ಟಿ ನೋಡ್ಲಾ? ಒಣಗಿದೆ. ಪೂರ್ತಿ ಒಣಗಿದೆ. ಈಗ ಮಾತಾಡಬಹುದು.

ಮಾತಾಡು.

ಒಣಗಿ ಆಗಲೇ ಎಷ್ಟೋ ಹೊತ್ತಾಗಿರಬೇಕು. ನಿನಗೂ ಗೊತ್ತಾಗಿರುತ್ತೆ. ಆದ್ರೂ ಸುಮ್ಮನೇ ಕೂತಿದ್ದೀಯಲ್ಲ... ನೀನು ಸುಮ್ಮನಿದ್ರೆ ನನಗೆ ಭಯ ಆಗುತ್ತೆ. ಏಣಿಯಿಂದ ಬಿದ್ದಾಗಲೂ ನೀನು ಸುಮ್ಮನಿರಲಿಲ್ಲ. ಬೀಳ್ತಾ ಬೀಳ್ತಾನೇ ಆ ಮೂಲೆ ತೋರಿಸ್ತಿದ್ದೆ.

ಏನು ನೋಡ್ತಿದ್ದೀಯ? ನನ್ನ ಮೊಣಕೈಯಾ? ಅದು ಲಿಪ್‌ಸ್ಟಿಕ್ ಪಟ್ಟೆ ಅಂತ ಹೇಳಿದ್ನಲ್ಲ. ಆ ಕಡೆಯದಾ? ಹಿಂದುಗಡೆ? ಏನಿದೆ ಅಲ್ಲಿ, ನನಗೆ ಕಾಣಲ್ವಲ್ಲ...

ಓ.

ಆ ಟೇಪನ್ನ ಕಸದ ಬುಟ್ಟಿಗೆ ಹಾಕಿದೆ ಅಂದ್ಕೊಂಡಿದ್ದೆ. ಇಲ್ಲೇ ಅಂಟ್ಕೊಂಡು ಬಂದಿದೆ.

ಪೂರ್ತಿ ಅಲ್ಲ ಕಣೇ. ಮೂಗಿನ ಕಡೆ ಸ್ವಲ್ಪ ಉಳಿದಿದೆ. ಇದರಲ್ಲಿ ಇರೋದು ಹೊರಗಿನ ಅರ್ಧ ಮಾತ್ರ... ಮುಕ್ಕಾಲು. ಬೆಳೆಯುತ್ತೆ. ಬೆಳೆಯೋವರೆಗೆ ನಾನೇ ದಿನಾ ಬರೆದು ಕೊಡ್ತೀನಿ. ದಿನಾ ಬರೆದ್ರೆ ಕೈ ಕೂಡ ಕೂತ್ಕೊಳ್ಳುತ್ತೆ.

ಬೈಯಿ. ಬೈದುಬಿಡು. ನಿನ್ನ ಇಡೀ ವರ್ಷ ಹಾಳು ಮಾಡಿದೆ, ಗೊತ್ತು. ಕಣ್ಣು ಕಾಣಬೇಕು ಅಂತ ಹೊರಟು ಹುಬ್ಬು ಕಿತ್ತೆ. ಏನಾದ್ರೂ ಅನ್ನೇ.

ಆ ಟೇಪ್ ಯಾಕೆ ತಗೊಂಡೆ? ಹಲ್ಲಲ್ಲಿ ಕಚ್ಚಿ ಹರೀಬೇಡ, ತುಟಿ ಹಾಳಾಗುತ್ತೆ. ಕೊಡು, ನಾನು ಹರಿದು ಕೊಡ್ತೀನಿ. ಇಷ್ಟು ಸಾಕಾ? ಇನ್ನೂ ಉದ್ದ? ಎಲ್ಲಿಗೆ ಅಂಟಿಸಬೇಕು ಹೇ... ನನ್ನ ಹುಬ್ಬಿಗಾ?

ಶೀಲ್ಡ್ ತಗೊಳ್ಳೋ ಸನ್ನೆ ಮಾಡಿ ನನ್ನ ಕಡೆ ಯಾಕೆ ಬೆರಳು ತೋರಿಸ್ತೀಯ? ನಾನ್ಯಾಕೆ ವೇದಿಕೆಗೆ? ಸೂಪರ್‌ವೈಸರ್ ನೀನು. ನಾನು ಹಿಂದೆ ಚೀಲ ಹಿಡ್ಕೊಂಡು... ಪಕ್ಕದಲ್ಲಾ? ಫೋಟೋದಲ್ಲಿ?

ವರ್ಷಪೂರ್ತಿ?

...ನೀನು ನಗ್ತಿದ್ದೀಯ. ಒಂದು ಮಾತೂ ಆಡದೆ, ಬರೀ ಹೆಗಲಲ್ಲಿ ನಗ್ತಿದ್ದೀಯ. ಹೌದಲ್ಲ. ನಾನು ಪಕ್ಕದಲ್ಲಿ ಹೀಗೆ ನಿಂತಿದ್ರೆ ನಿನ್ನ ಕಣ್ಣು ಮುಚ್ಚಿತ್ತಾ ತೆಗೆದಿತ್ತಾ ಅಂತ ಯಾರು ನೋಡ್ತಾರೆ.

ಬಾ, ಅಂಟಿಸು. ಎಡಗಡೆಯದೇ. ಒತ್ತು, ಚೆನ್ನಾಗಿ ಒತ್ತು, ಎಡಗೈಯಲ್ಲಿ ನಿನಗೆ ಬಲ ಸಾಲಲ್ಲ. ಹಾಂ. ನಿಧಾನಕ್ಕೆ ಎಳೀಬೇಡ ಮಾತ್ರ... ಒಂದೇ ಸಲಕ್ಕೆ.