ನಾಲ್ಕೂವರೆಯ ಬಸ್ಸು

ಒಂದೂರಲ್ಲಿ ಒಬ್ಬ ಸಿರಿವಂತ. ಊರಿನ ಹೆಸರು ಬೇಡ, ಹೇಳಿದರೆ ನೀವು ಅವನನ್ನು ಹುಡುಕೋಕೆ ಹೋಗ್ತೀರಿ, ನಿಮ್ಮನ್ನು ಮರೀತೀರಿ. ಅವನಿಗೆ ಎಲ್ಲಾ ಇತ್ತು, ತಾಯಿಯೊಬ್ಬಳು ಇರಲಿಲ್ಲ. ಅವನು ಚಿಕ್ಕವನಿದ್ದಾಗ ಆಕೆ ದೂರದ ಆಸ್ಪತ್ರೆಯಲ್ಲಿ ಮಲಗಿ, "ಮನೇಗೆ ಕರ್ಕೊಂಡು ಹೋಗೋ ಮಗಾ, ನನ್ನ ಒಲೆ ಮುಂದೆ ಒಂದ್ಸಲ ಕೂರಬೇಕು" ಅನ್ನುತ್ತಲೇ ಕಣ್ಣು ಮುಚ್ಚಿದ್ದಳು. ಆ ಮಾತು ಅವನ ಕಿವಿ ಬಿಟ್ಟು ಹೋಗಲೇ ಇಲ್ಲ.

ಅದಕ್ಕೇ ಊರಲ್ಲೇ ಆಸ್ಪತ್ರೆ ಕಟ್ಟಿಸಿದ. ಗುಣವಾದವರು ಅದೇ ಸಂಜೆ ತಮ್ಮ ಮನೆ ಸೇರಬೇಕು, ಅಷ್ಟೇ ಅವನ ಆಸೆ. ಆದರೆ ನೋಡಿ, ವರ್ಷ ಕಳೆದಂತೆ ಹಾಸಿಗೆಗಳು ಖಾಲಿಯಾದವು. ಹೊಸ ಯಂತ್ರ ತರಿಸಿದ. ಜನ ಬರಲಿಲ್ಲ. ಬೋರ್ಡು ದೊಡ್ಡದು ಮಾಡಿಸಿದ. ಆಗಲೂ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಸಭೆ. ಡಾಕ್ಟರು ಕುರ್ಚಿಯಲ್ಲಿ, ನರ್ಸುಗಳು ಗೋಡೆಗೊರಗಿ, ಆಯಾ ಬಾಗಿಲಾಚೆ ಎಲ್ಲರ ಚಪ್ಪಲಿ ಕಾಯುತ್ತಾ. ಒಂದು ಗಂಟೆಯ ಸಭೆಯಲ್ಲಿ ಐವತ್ತೈದು ನಿಮಿಷ ಸಿರಿವಂತನದೇ ಮಾತು. ಉಳಿದ ಐದು ನಿಮಿಷ "ಹೌದು ಸಾರ್, ಹೌದು ಸಾರ್".

ಒಂದು ಸೋಮವಾರ ಹೊರಗೆ ಬಂದರೆ, ಬೆಂಚಿನ ಮೇಲೆ ಒಬ್ಬ ಅಜ್ಜಿ ಗಂಟು ಕಟ್ಟಿಕೊಂಡು ಕೂತಿದ್ದಾಳೆ.

"ಯಾಕಜ್ಜಿ, ಹುಷಾರಾಗಿಲ್ವಾ?"

"ಆಗಿದೀನಪ್ಪಾ. ಮನೇಗೆ ಕಳಿಸ್ತಾ ಇಲ್ಲ."

ಆಯಾ ಮೆಲ್ಲಗೆ ಹೇಳಿದಳು. "ಮನೇಗೆ ಕಳಿಸೋ ಚೀಟಿಗೆ ಡಾಕ್ಟ್ರು ಸಹಿ ಹಾಕೋದು ನಾಲ್ಕು ಗಂಟೆಗೆ, ಸಾಹುಕಾರ್ರೇ. ಔಷಧಿ ಕೈಗೆ ಸಿಗೋಷ್ಟರಲ್ಲಿ ಐದು. ಇವರೂರಿಗೆ ದಿನಕ್ಕೆ ಒಂದೇ ಬಸ್ಸು, ನಾಲ್ಕೂವರೆಗೆ. ತಪ್ಪಿದ್ರೆ ನಾಳೇವರೆಗೂ ಈ ಬೆಂಚೇ ಗತಿ. ಅದಕ್ಕೇ ಆ ಕಡೆಯೋರು ಬರೋದನ್ನೇ ಬಿಟ್ರು."

"ಎಷ್ಟು ದಿನದಿಂದ ಹೀಗೆ?"

"ಮೂರು ವರ್ಷ."

"ಯಾಕೆ ಹೇಳಲಿಲ್ಲ?"

"ನನ್ನನ್ನ ಯಾರು ಕೇಳಿದ್ರು? ನಾನು ಚಪ್ಪಲಿ ಕಾಯೋಳು."

ಅವನು ಆಯಾಳನ್ನು ಒಳಗೆ ಕರೆದು ತನ್ನ ಕುರ್ಚಿಯಲ್ಲೇ ಕೂರಿಸಿದ. "ಏನು ಮಾಡೋದು, ನೀನೇ ಹೇಳಮ್ಮಾ" ಅಂದ.

"ಮನೇಗೆ ಹೋಗೋರನ್ನ ಬೆಳಿಗ್ಗೆ ಮೊದಲು ನೋಡಲಿ."

ಡಾಕ್ಟರು, "ಬಸ್ಸಿನ ವಿಷಯ ನನಗೆ ಗೊತ್ತೇ ಇರಲಿಲ್ಲ" ಅಂದು ಅಜ್ಜಿಯ ಚೀಟಿಗೆ ಅಲ್ಲೇ ಸಹಿ ಹಾಕಿದರು. ಔಷಧಿ ಕೊಡುವವನು, "ಚೀಟಿ ಬೇಗ ಬಂದ್ರೆ ನನಗೇನು ಕಷ್ಟ?" ಅಂದ. ಮೂರು ವರ್ಷದ ಗಂಟು ಮೂರು ಮಾತಿಗೆ ಬಿಚ್ಚಿಕೊಂಡಿತು.

ನಾಲ್ಕೂವರೆಗೆ ಅಜ್ಜಿ ಬಸ್ಸು ಹತ್ತಿದಳು. ಸಿರಿವಂತ ಗೇಟಿನಲ್ಲಿ ನಿಂತಿದ್ದ. ಆ ಬಸ್ಸಿನಲ್ಲಿ ತನ್ನವ್ವ ಇಲ್ಲ ಅಂತ ಅವನಿಗೆ ಗೊತ್ತು. ಆದರೂ ಧೂಳು ಅಡಗುವವರೆಗೆ ನೋಡುತ್ತಾ ನಿಂತ.

ಈಗ ಹೇಳಿ ತಾಯಂದಿರೇ, ಶರಣರೇ. ನಿಮ್ಮ ಅಂಗಡಿಯಲ್ಲಿ, ನಿಮ್ಮ ಸಂಘದಲ್ಲಿ, ನಿಮ್ಮ ಅಡುಗೆಮನೆಯಲ್ಲಿ ಬಾಗಿಲಾಚೆ ನಿಂತವರು ಯಾರು? ಅತ್ತೆಯಂದಿರು ನಗಬೇಡಿ, ನಿಮಗೂ ಹೇಳ್ತಿದೀನಿ. ನಾಳೆ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನನಗೆ ಗೊತ್ತಿಲ್ಲದ್ದು ನಿನಗೇನು ಗೊತ್ತಿದೆ?" ಅಂತ ಕೇಳಿ. ಕೇಳಿ, ಆಮೇಲೆ ಬಾಯಿ ಮುಚ್ಚಿಕೊಳ್ಳಿ. ಅದೇ ಕಷ್ಟ.

ನಾಳೆವರೆಗೆ ಯಾಕೆ? ಈಗ ಹೊರಗೆ ನಿಮ್ಮ ಚಪ್ಪಲಿ ಕಾಯುತ್ತಾ ಒಬ್ಬಾಕೆ ಕೂತಿದ್ದಾಳೆ. ಈ ಪ್ರವಚನ ಶುರುವಾದ ಹತ್ತು ದಿನದಿಂದ ಕೂತಿದ್ದಾಳೆ. ಅವಳ ಹೆಸರೇನು? ನನಗೂ ಗೊತ್ತಿಲ್ಲ. ನಡೀರಿ, ಕೇಳೋಣ.