ಬಿಗಿಯಾದ ಗೇರು

ಸ್ಕೂಟಿಯ ಪಂಚರ್ ಹಾಕಿಸಲು ಸೊರಬದ ಗ್ಯಾರೇಜಿನಲ್ಲಿ ಕೂತಿದ್ದ ಆತಿಫಾಳಿಗೆ ಪಕ್ಕದ ಬೆಂಚಿನ ಗಂಡಹೆಂಡಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅವರ ಕಾರಿನಡಿ ಮಲಗಿ ಮೆಕ್ಯಾನಿಕ್ ಗೌಸ್ ಗೇರ್‌ಬಾಕ್ಸಿನ ಎಣ್ಣೆ ಇಳಿಸುತ್ತಿದ್ದ.

"ನೀನು ಓಡ್ಸಕ್ಕೆ ಶುರು ಮಾಡಿದ್ಮೇಲೇ ಗೇರು ಬಿಗಿಯಾಗಿ ಕರಕರ ಅಂತಿರೋದು, ಮೇಘನಾ. ಎತ್ತಿನ ಮೂಗುದಾರ ಜಗ್ಗಿದಂಗೆ ಜಗ್ತೀಯ. ಇನ್ಮೇಲೆ ಕಾರು ಮುಟ್ಬೇಡ."

"ಮುಟ್ಟದಿದ್ರೆ ಕುಪ್ಪಗಡ್ಡೆ ಆಸ್ಪತ್ರೆಗೆ ಡ್ಯೂಟಿಗೆ ಹೆಂಗೆ ಹೋಗ್ಲಿ? ಅಷ್ಟು ಬೆಳಿಗ್ಗೆ ಬಸ್ಸೆಲ್ಲೈತೆ?"

"ಕೆಲ್ಸ ಬಿಡು."

"ಬಿಡಕ್ಕಲ್ಲ ನಾನು ನರ್ಸಿಂಗ್ ಓದಿದ್ದು."

ಗೌಸ್ ಟ್ರೇ ಎಳೆದುಕೊಂಡು ಹೊರಬಂದ.

"ತೀರ್ಥೇಶಣ್ಣ, ಇದೇನ್ರೀ, ಕಾಕಂಬಿ ಇದ್ದಂಗೈತೆ! ಕಾರಿಗೆ ಟ್ರ್ಯಾಕ್ಟರ್ ಎಣ್ಣೆ ಯಾರು ಹಾಕಿದ್ದು? ಇಷ್ಟು ಮಂದ ಇದ್ರೆ ಗೇರು ಬಿಗಿಯಾಗ್ದೆ ಏನಾಗ್ತದೆ?"

ತೀರ್ಥೇಶ್ ಕೆಮ್ಮಿದ. "ಡಬ್ಬೀಲಿ ಉಳಿದಿತ್ತು. ಎಣ್ಣೆ ಎಲ್ಲಾ ಒಂದೇ ಅಂತ..."

ಗೌಸ್ ತೆಳ್ಳನೆಯ ಎಣ್ಣೆ ತುಂಬಿ, "ಇನ್ನೂ ಗೇರಿನ ಹಲ್ಲು ಸವೆದಿಲ್ಲ. ಓಡ್ಸಿ ನೋಡ್ರಿ" ಎಂದಾಗ ಮೇಘನಾ ಕೀಲಿಗಾಗಿ ಗಂಡನೆದುರು ಕೈಚಾಚಿದಳು.

"ನಾನೇ ಓಡಿಸ್ತೀನಿ. ನೀನು ಪಕ್ಕ ಕೂತ್ಕೋ," ಎಂದ ತೀರ್ಥೇಶ್.

"ಪಕ್ಕ ನೀವು ಕೂತ್ಕೊಳ್ರಿ. ಯಾರು ಹೆಂಗೆ ಜಗ್ತಾರೆ ಅಂತ ಹತ್ತಿರದಿಂದ್ಲೇ ಕಾಣ್ತದೆ."

ಗೌಸ್ ನಗು ತಡೆಯಲು ಆ ಕಡೆ ತಿರುಗಿದ. ತೀರ್ಥೇಶ್ ಕೀಲಿಯನ್ನು ಅವಳ ಕೈಗೆ ಹಾಕಿ ಎಡಗಡೆ ಹತ್ತಿದ. ಕಾರು ರಸ್ತೆಗಿಳಿದು ತಿರುವು ದಾಟುವಷ್ಟರಲ್ಲಿ ಎರಡು ಸಲ ಗೇರು ಬದಲಾಯಿತು. ಆತಿಫಾಳಿಗೆ ಕರಕರ ಸದ್ದು ಕೇಳಿಸಲಿಲ್ಲ.